ಹೊಸ ಪರೋಪಜೀವಿ ಕಣಜವನ್ನು ಗುರುತಿಸಿ ವರ್ಣಿಸುವುದು: ಎಲೆ ಮೇಲಿನ ಗೂಡಿನಿಂದ ಪ್ರಕಟಣೆಯವರೆಗೆ

ಎಲೆಯ ಮೇಲೆ ಮಂಕು ಹಿಡಿದಂತೆ ಕೂತ ಒಂದು ಹುಳು. ಅದರ ಮಗ್ಗುಲಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ಬಿಳಿ ಗೂಡುಗಳ ಗೊಂಚಲು. ಹೊಲದಲ್ಲಿ ಓಡಾಡುವವರು ಇದನ್ನು ಹುಳುವಿನ ಮೊಟ್ಟೆ ಎಂದುಕೊಂಡು ಹೊಸಕಿ ಹಾಕುವುದುಂಟು. ಅದು ಮೊಟ್ಟೆಯಲ್ಲ. ಕಣಜವೊಂದು ಆ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟಿತ್ತು, ಮರಿಗಳು ಒಳಗೇ ಬೆಳೆದು, ಚರ್ಮ ಕೊರೆದು ಹೊರಬಂದು ಗೂಡು ಸುತ್ತಿಕೊಂಡಿವೆ. ಬ್ರಕೊನಿಡೆ ಕುಟುಂಬದ ಮೈಕ್ರೊಗ್ಯಾಸ್ಟ್ರಿನೆ ಎಂಬ ಉಪಕುಟುಂಬದ ಕಣಜಗಳು ಹೀಗೆ ಬದುಕುತ್ತವೆ. 2020ರಲ್ಲಿ ಬಂದ ಜಾಗತಿಕ ಪಟ್ಟಿಯಲ್ಲಿ ಈ ಉಪಕುಟುಂಬದ 81 ಕುಲಗಳೂ 2,999 ಪ್ರಭೇದಗಳೂ ಇದ್ದವು. ಹೆಸರಿಲ್ಲದೆ ಉಳಿದವು ಅದಕ್ಕಿಂತ ಬಹಳ ಹೆಚ್ಚು.

ಹಾಗಾಗಿ ಹೆಸರಿಲ್ಲದ ಕಣಜ ಕೈಗೆ ಸಿಗುವುದು ಕಷ್ಟವೇನಲ್ಲ. ಅದಕ್ಕೆ ನಿಜವಾಗಿಯೂ ಹೆಸರಿಲ್ಲ ಎಂದು ತೋರಿಸಿಕೊಡುವುದು ಕಷ್ಟ. ‘ನನಗೆ ಗುರುತು ಸಿಗಲಿಲ್ಲ’ ಎಂಬುದು ಹೊಸ ಪ್ರಭೇದಕ್ಕೆ ಸಾಕ್ಷಿಯಾಗದು. ಹತ್ತಿರದ ಪ್ರತಿಯೊಂದು ಪ್ರಭೇದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಬೆರಳಿಟ್ಟು ತೋರಿಸಬೇಕು. ಇಲ್ಲಿ ಮೈಕ್ರೊಗ್ಯಾಸ್ಟ್ರಿನೆಯನ್ನೇ ಉದಾಹರಣೆಯಾಗಿ ಹಿಡಿದು ಆ ದಾರಿಯನ್ನು ಹೇಳಿದೆ. ಬೇರೆ ಗುಂಪುಗಳಿಗೆ ಅಂಗಗಳು ಬದಲಾಗುತ್ತವೆ, ಕ್ರಮ ಇದೇ.

ಬಲೆಗಿಂತ ಸಾಕಣೆ ಮೇಲು

ಅರಣ್ಯ ಪ್ರದೇಶದಲ್ಲಿ ಸಂಗ್ರಹಿಸುವುದಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು ಕೈಯಲ್ಲಿರಲಿ. ಲೇಖನದಲ್ಲಿ ಅನುಮತಿಯ ವಿವರ ಕೇಳುವ ಪತ್ರಿಕೆಗಳಿವೆ, ಕೆಲಸ ಮುಗಿದ ಮೇಲೆ ಅದನ್ನು ಹೊಂದಿಸಲು ಆಗುವುದಿಲ್ಲ.

ಡೇರೆಯಂತೆ ಕಟ್ಟುವ ಮಲೇಸ್ ಬಲೆ, ಬೀಸುಬಲೆ, ಹಳದಿ ತಟ್ಟೆ, ಮೂರರಿಂದಲೂ ಕಣಜ ಸಿಗುತ್ತದೆ. ಹಳದಿ ತಟ್ಟೆಗೆ ನೀರು, ಚಿಟಿಕೆ ಉಪ್ಪು, ಕೆಲವು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ. ದ್ರವ ಹೆಚ್ಚಾದರೆ ನೊರೆಯೆದ್ದು ಕೀಟ ಮುಳುಗುವುದಿಲ್ಲ. 24 ಗಂಟೆಯೊಳಗೆ ಸೋಸಿಬಿಡಿ, ತಡವಾದರೆ ಕೊಳೆಯಲು ಶುರುವಾಗುತ್ತದೆ. ಟ್ರೈಕೊಗ್ರಾಮದಂಥ ಪುಟ್ಟ ಕಣಜಗಳು ಅರ್ಧ ಮಿಲಿಮೀಟರ್ ಆಸುಪಾಸಿನವು, ಚಹಾ ಸೋಸುವ ಜಾಲರಿಯಿಂದ ಜಾರಿಹೋಗುತ್ತವೆ. ಹಳೆಯ ಪಂಚೆಯ ನುಣುಪು ಬಟ್ಟೆಯೇ ಸರಿ.

ಆದರೆ ಬಲೆಗೆ ಬಿದ್ದ ಕಣಜ ಯಾವ ಹುಳುವಿನಿಂದ ಬಂತೆಂದು ಹೇಳುವುದಿಲ್ಲ. ಆತಿಥೇಯ ಗೊತ್ತಿದ್ದರೆ ವರ್ಣನೆಯ ಅರ್ಧ ತೂಕ ಅಲ್ಲೇ ಬಂತು. ಆದ್ದರಿಂದ ಹುಳುಗಳನ್ನು ತಂದು ಸಾಕಿ.

ಒಂದೊಂದು ಹುಳುವಿಗೂ ಒಂದೊಂದು ಡಬ್ಬಿ. ಬಾಯಿಗೆ ತೆಳು ಮಸ್ಲಿನ್ ಬಟ್ಟೆ, ರಬ್ಬರ್ ಬ್ಯಾಂಡ್. ತಳಕ್ಕೆ ಟಿಶ್ಯೂ ಕಾಗದ. ದಿನವೂ ಹಿಕ್ಕೆ ತೆಗೆದು ಹೊಸ ಎಲೆ ಹಾಕಬೇಕು. ಎಲೆ ಒದ್ದೆಯಿದ್ದರೆ ಒರೆಸಿಯೇ ಹಾಕಿ. ಡಬ್ಬಿಯ ಗೋಡೆಗೆ ನೀರಹನಿ ಕಟ್ಟಿದರೆ ಮೂರೇ ದಿನಕ್ಕೆ ಬೂಸ್ಟು ಹಿಡಿದು ಹುಳುವೂ ಹೋಗುತ್ತದೆ, ಒಳಗಿನ ಕಣಜವೂ ಹೋಗುತ್ತದೆ. ಡಬ್ಬಿಯ ಮೇಲೊಂದು ಸಂಖ್ಯೆ, ಅದೇ ಸಂಖ್ಯೆಗೆ ನೋಟ್‌ಬುಕ್ಕಿನಲ್ಲೊಂದು ಪುಟ. ಯಾವ ಗಿಡ, ಎಂದು ತಂದದ್ದು, ಗೂಡು ಕಟ್ಟಿದ ದಿನ, ಕಣಜ ಹೊರಬಂದ ದಿನ, ಎಷ್ಟು ಹೆಣ್ಣು ಎಷ್ಟು ಗಂಡು. ಅದೇ ಗಿಡದ ನಾಲ್ಕೈದು ಆರೋಗ್ಯವಂತ ಹುಳುಗಳನ್ನು ಪತಂಗವಾಗುವವರೆಗೂ ಬೆಳೆಸಿ, ಆತಿಥೇಯದ ಗುರುತು ಗಟ್ಟಿಯಾಗುವುದು ಪತಂಗದಿಂದಲೇ. ಸತ್ತ ಹುಳುವಿನ ತಲೆಚಿಪ್ಪನ್ನೂ ಎಸೆಯಬೇಡಿ.

ಹೆಚ್ಚು ಜನ ಎಡವುವುದು ಇದರ ಮುಂದಿನ ಮೆಟ್ಟಿಲಲ್ಲಿ. ಗೂಡಿನಿಂದ ಹೊರಬಂದದ್ದೆಲ್ಲ ಗೂಡು ಕಟ್ಟಿದ ಕಣಜವೇ ಆಗಿರಬೇಕಿಲ್ಲ. ಪರೋಪಜೀವಿಯನ್ನೇ ತಿನ್ನುವ ಪರೋಪಜೀವಿಗಳಿವೆ: ಮೆಸೊಕೋರಸ್, ಯೂರಿಟೋಮ, ಪೀಡಿಯೋಬಿಯಸ್ ಮುಂತಾದವು. ಇವನ್ನು ತಿಳಿಯದೆ ‘ಈ ಹುಳುವಿನ ಹೊಸ ಶತ್ರು’ ಎಂದು ಬರೆದುಬಿಟ್ಟರೆ ಆ ತಪ್ಪು ಪಟ್ಟಿಯಿಂದ ಪಟ್ಟಿಗೆ ವರ್ಷಗಟ್ಟಲೆ ಹರಿದಾಡುತ್ತದೆ. ತಪ್ಪಿಸಲು ಗೊಂಚಲಿನಿಂದ ಹತ್ತು ಹನ್ನೆರಡು ಗೂಡುಗಳನ್ನು ನವಿರಾದ ಕುಂಚದಿಂದ ಬಿಡಿಸಿ, ಒಂದೊಂದನ್ನೂ ಬೇರೆ ಖಾಲಿ ಜೆಲಟಿನ್ ಕ್ಯಾಪ್ಸೂಲಿನಲ್ಲಿ ಇಡಿ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಜೆಲಟಿನ್ ಮೆತ್ತಗಾಗುತ್ತದೆ, ಅಲ್ಲಿ ಪುಟ್ಟ ಗಾಜಿನ ಕೊಳವೆಯೇ ಆಗಬೇಕು. ಹೊರಬಂದ ಮೇಲೆ ಗೂಡಿನ ತೂತನ್ನು ಲೆನ್ಸಿನಡಿ ನೋಡಿ. ಗೂಡಿನ ಒಡೆಯ ಒಂದು ತುದಿಯನ್ನು ದುಂಡಗೆ ಕತ್ತರಿಸಿ, ಡಬ್ಬಿಯ ಮುಚ್ಚಳ ಎತ್ತಿದಂತೆ ಹೊರಬರುತ್ತದೆ. ಆ ಮುಚ್ಚಳ ಎಷ್ಟೋ ಸಲ ಅಲ್ಲೇ ಅಂಟಿಕೊಂಡಿರುತ್ತದೆ. ಎರಡನೇ ಹಂತದ ಪರೋಪಜೀವಿ ಪಕ್ಕದಲ್ಲೆಲ್ಲೋ ಅಂಚು ಹರಿದ ಅಡ್ಡಾದಿಡ್ಡಿ ತೂತು ಕೊರೆದಿರುತ್ತದೆ. ಒಂದು ನಿಮಿಷದ ಈ ಪರೀಕ್ಷೆಯನ್ನು ಯಾವತ್ತೂ ಬಿಡಬೇಡಿ.

ಹುಳು ಹೊಸದೆಂದ ಮಾತ್ರಕ್ಕೆ ಕಣಜ ಹೊಸದಾಗುವುದಿಲ್ಲ. ಮೆಕ್ಕೆಜೋಳದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ವರದಿಯಾದದ್ದು 2018ರಲ್ಲಿ, ನಮ್ಮ ಕರ್ನಾಟಕದಿಂದಲೇ. ಆ ಹುಳುವಿನಿಂದ ಹೊರಬಂದ ಕಣಜಗಳಲ್ಲಿ ಗ್ಲಿಪ್ಟಪ್ಯಾಂಟೆಲಿಸ್ ಕ್ರಿಯಟೊನೊಟಿ ಒಂದು. ಕ್ರಿಯಟೊನೊಟಸ್ ಎಂಬ ಪತಂಗದ ಹೆಸರನ್ನು ಹೊತ್ತ, ನಮ್ಮಲ್ಲಿ ಮೊದಲಿನಿಂದಲೂ ಇದ್ದ ಕಣಜ. ಹೊಸ ನೆಂಟ ಬಂದಾಗ ಅವನ ಬೆನ್ನಿಗೂ ಬಿತ್ತು, ಅಷ್ಟೇ.

ಕೊಲ್ಲುವುದು, ಒಣಗಿಸುವುದು, ಅಂಟಿಸುವುದು

ಹೊರಬಂದ ಕೂಡಲೇ ಕೊಲ್ಲಬೇಡಿ. ರೆಕ್ಕೆ ಪೂರ್ತಿ ಬಿಚ್ಚಿ, ಮೈಯ ಬಣ್ಣ ಕುದುರಲು 24 ಗಂಟೆ ಬಿಡಿ. ಅವಸರಪಟ್ಟರೆ ಕಪ್ಪಾಗಬೇಕಿದ್ದ ಕಾಲು ಕಂದಾಗಿಯೇ ಉಳಿಯುತ್ತದೆ, ನೀವು ‘ಕಂದು ಕಾಲಿನ ಹೊಸ ಪ್ರಭೇದ’ ಎಂದು ಬರೆಯುತ್ತೀರಿ. ಆ ಒಂದು ದಿನಕ್ಕೆ ನೀರಿನಲ್ಲಿ ಕಲಸಿದ ಜೇನನ್ನು ಹತ್ತಿಯ ಎಳೆಗೆ ಸವರಿಡಿ, ಗಟ್ಟಿ ಜೇನಿಟ್ಟರೆ ಅದರಲ್ಲೇ ಸಿಕ್ಕಿ ಸಾಯುತ್ತವೆ.

ಆಮೇಲೆ ಎರಡು ಪಾಲು ಮಾಡಿ. ಡಿಎನ್‌ಎಗೆ ಬೇಕಾದವು ಶೇ. 95ಕ್ಕಿಂತ ಗಟ್ಟಿಯಾದ ಎಥನಾಲಿಗೆ, ಅಲ್ಲಿಂದ ಮೈನಸ್ 20 ಡಿಗ್ರಿಯ ಫ್ರೀಜರಿಗೆ. ಮರುದಿನ ಎಥನಾಲನ್ನು ಒಮ್ಮೆ ಬದಲಿಸಿ, ಕೀಟದ ಮೈನೀರು ಅದನ್ನು ತೆಳ್ಳಗಾಗಿಸಿರುತ್ತದೆ. ಅಂಗರಚನೆ ನೋಡಬೇಕಾದವು ಶೇ. 70–80ರಲ್ಲಿರಲಿ. ತೀರಾ ಗಟ್ಟಿ ಎಥನಾಲಿನಲ್ಲಿ ಮೈ ಬಿಗಿದು ಕುಡಿಮೀಸೆ ಮುರಿಯುತ್ತದೆ. ಈಥೈಲ್ ಅಸಿಟೇಟಿನ ಕೊಲ್ಲುಬಾಟಲಿ ಡಿಎನ್‌ಎಯನ್ನು ಕೆಡಿಸುವುದರಿಂದ ಅದು ಬೇಡ.

ಎಥನಾಲಿನಿಂದ ನೇರವಾಗಿ ತೆಗೆದು ಒಣಗಿಸಿದರೆ ತಲೆಯೂ ಹೊಟ್ಟೆಯೂ ಗುಳಿಬಿದ್ದು, ಅಳತೆಯೆಲ್ಲ ಸುಳ್ಳಾಗುತ್ತದೆ. ಶೇ. 100ರ ಎಥನಾಲಿನಲ್ಲಿ ಗಂಟೆಯ ಹಾಗೆ ಎರಡು ಸಲ ಇಟ್ಟು, ನಂತರ ಎಚ್‌ಎಂಡಿಎಸ್ (ಹೆಕ್ಸಾಮೀಥೈಲ್‌ಡೈಸಿಲಾಜೇನ್) ಎಂಬ ದ್ರವದಲ್ಲಿ ಅರ್ಧ ಗಂಟೆ ಇಡಿ. ದ್ರವ ಬದಲಿಸಿ ಇನ್ನೊಮ್ಮೆ ಹಾಗೆಯೇ, ಆಮೇಲೆ ಮುಚ್ಚಳ ತೆರೆದಿಟ್ಟರೆ ರಾತ್ರಿ ಕಳೆಯುವುದರೊಳಗೆ ಆವಿಯಾಗುತ್ತದೆ. ಇದು ಬೆಂಕಿ ಹಿಡಿಯುವ, ಉಸಿರಿಗೆ ಕೆಟ್ಟ ದ್ರವ. ಪ್ರಯೋಗಾಲಯದ ಹೊಗೆಗೂಡಿನೊಳಗೇ, ಕೈಗವಸು ಹಾಕಿಕೊಂಡೇ ಮಾಡಬೇಕು, ಮನೆಯ ಮೇಜಿನ ಮೇಲೆ ಖಂಡಿತ ಮಾಡಬಾರದು.

ಎರಡು ಮೂರು ಮಿಲಿಮೀಟರಿನ ಕಣಜಕ್ಕೆ ಸೂಜಿ ಚುಚ್ಚುವಂತಿಲ್ಲ, ಸೂಜಿ ಕಾಗದಕ್ಕೆ. ಗಟ್ಟಿ ಕಾಗದದಲ್ಲಿ ಚೂಪು ತ್ರಿಕೋನ ಕತ್ತರಿಸಿ, ತುದಿಯನ್ನು ಸ್ವಲ್ಪ ಬಾಗಿಸಿ, ಎದೆಯ ಬಲಗಡೆಗೆ ಅಂಟಿಸಿ. ಎಡಗಡೆ ಪೂರ್ತಿ ನೋಡಲು ಸಿಗಬೇಕು. ಅಂಟು ರಾಗಿಕಾಳಿನ ಕಾಲುಭಾಗದಷ್ಟು ಸಾಕು, ಅದೂ ನೀರಿಗೆ ಕರಗುವಂಥದ್ದು. ಸೂಪರ್ ಗ್ಲೂ ಹಾಕಿದ ಮಾದರಿಯನ್ನು ಮುಂದೆ ಯಾರೂ ಬಿಡಿಸಿ ನೋಡಲಾಗದು.

ಚೀಟಿಯಲ್ಲಿ ದೇಶ, ರಾಜ್ಯ, ಜಿಲ್ಲೆ, ಊರು, ಅಕ್ಷಾಂಶ ರೇಖಾಂಶ, ಎತ್ತರ, ದಿನಾಂಕ, ಸಂಗ್ರಹಿಸಿದವರು, ವಿಧಾನ, ಆತಿಥೇಯ, ಡಬ್ಬಿಯ ಸಂಖ್ಯೆ ಇರಬೇಕು. ಅಕ್ಷಾಂಶಕ್ಕೆ ದಶಮಾಂಶದ ನಾಲ್ಕು ಸ್ಥಾನ ಬರೆದರೆ ಸುಮಾರು 11 ಮೀಟರಿನ ನಿಖರತೆ ಸಿಗುತ್ತದೆ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯಿರಿ, ಇಲ್ಲದಿದ್ದರೆ 5/8 ಎಂದರೆ ಆಗಸ್ಟೋ ಮೇ ತಿಂಗಳೋ ಎಂದು ಹೊರಗಿನವರಿಗೆ ಗೊಂದಲವಾಗುತ್ತದೆ. ಎಥನಾಲಿನೊಳಗೆ ಹಾಕುವ ಚೀಟಿ ಪೆನ್ಸಿಲಿನದ್ದಾಗಿರಲಿ.

ಕುಟುಂಬದಿಂದ ಕುಲದವರೆಗೆ

ಮುಂದಿನ ರೆಕ್ಕೆಯ ನರಗಳೇ ಮೊದಲ ಹೆಬ್ಬಾಗಿಲು. 2ಎಂ-ಸಿಯು ಎಂಬ ಅಡ್ಡನರ ಇಕ್ನ್ಯುಮೊನಿಡೆ ಎಂಬ ನೆಂಟ ಕುಟುಂಬದಲ್ಲಿ ಸಾಮಾನ್ಯವಾಗಿ ಇರುತ್ತದೆ, ಬ್ರಕೊನಿಡೆಯಲ್ಲಿ ಇರುವುದಿಲ್ಲ. ರೆಕ್ಕೆಯಲ್ಲಿ ನರಗಳೇ ಹೆಚ್ಚುಕಡಿಮೆ ಅಳಿಸಿಹೋಗಿದ್ದರೆ ಅದು ಬಹುಮಟ್ಟಿಗೆ ಕ್ಯಾಲ್ಸಿಡ್ ಎಂಬ ಪುಟ್ಟ ಕಣಜಗಳ ಗುಂಪಿನದು. ಬ್ರಕೊನಿಡೆಯಾದರೆ ಕುಡಿಮೀಸೆಯ ಗೆಣ್ಣು ಎಣಿಸಿ, ಮೈಕ್ರೊಗ್ಯಾಸ್ಟ್ರಿನೆಯಲ್ಲಿ ಬುಡದ ಎರಡು, ಮುಂದಿನ 16, ಒಟ್ಟು 18. ತುದಿ ಮುರಿದ ಮಾದರಿಯಲ್ಲಿ ಎಣಿಸಲು ಹೋಗಬೇಡಿ.

ಕುಲ ಹಿಡಿಯಲು ಐದು ಕಡೆ ನೋಡಬೇಕು. ಮುಂದಿನ ರೆಕ್ಕೆಯ ನಡುವಿನ ಪುಟ್ಟ ಕೋಣೆ, ಅಂದರೆ ಏರಿಯೊಲೆಟ್, ಮುಚ್ಚಿದೆಯೋ ತೆರೆದಿದೆಯೋ. ಪ್ರೊಪೋಡಿಯಂ ನುಣುಪೋ, ನಡುಗೆರೆಯಿದೆಯೋ, ಗೆರೆಗಳು ಸೇರಿ ಚೌಕಟ್ಟಾಗಿವೆಯೋ. ಇದು ಎದೆಗೆ ಅಂಟಿಕೊಂಡಂತೆ ಕಂಡರೂ ನಿಜಕ್ಕೆ ಹೊಟ್ಟೆಯ ಮೊದಲ ಖಂಡ. ಅದರ ಹಿಂದಿನ ಬೆನ್ನುತಟ್ಟೆ, ಬರವಣಿಗೆಯಲ್ಲಿ ಟಿ1, ಹಿಂದಕ್ಕೆ ಅಗಲವಾಗುತ್ತದೋ ಕಿರಿದಾಗುತ್ತದೋ. ಹಿಂದಿನ ರೆಕ್ಕೆಯ ಬುಡದ ಹಾಲೆಯ ಅಂಚಿನಲ್ಲಿ ಕೂದಲಂಚು ಇದೆಯೋ. ಕೊನೆಯದಾಗಿ ಹೆಣ್ಣಿನ ಹೊಟ್ಟೆಯ ಅಡಿತಟ್ಟೆಯ ನಡುವೆ ಮಡಿಕೆಗಳಿವೆಯೋ, ಮೊಟ್ಟೆಯಿಡುವ ಕೊಳವೆಯ ಒರೆ ಎಷ್ಟುದ್ದ.

ಕೊಟೇಸಿಯಾದಲ್ಲಿ ಏರಿಯೊಲೆಟ್ ತೆರೆದಿದೆ, ಪ್ರೊಪೋಡಿಯಂ ಒರಟಾಗಿದ್ದು ನಡುಗೆರೆ ಇರುತ್ತದೆ, ಟಿ1 ಹಿಂದಕ್ಕೆ ಅಗಲ, ಒರೆ ಗಿಡ್ಡ. ಗ್ಲಿಪ್ಟಪ್ಯಾಂಟೆಲಿಸ್‌ನಲ್ಲಿ ಪ್ರೊಪೋಡಿಯಂ ಬಹುಪಾಲು ನುಣುಪು, ಟಿ1 ಹಿಂದಕ್ಕೆ ಕಿರಿದು. ಅಪ್ಯಾಂಟೆಲಿಸ್‌ನಲ್ಲಿ ಪ್ರೊಪೋಡಿಯಂ ಮೇಲೆ ಚೌಕಟ್ಟಿನ ಗುರುತು, ಅಡಿತಟ್ಟೆಯಲ್ಲಿ ಮಡಿಕೆ, ಉದ್ದ ಒರೆ. ಮೈಕ್ರೊಪ್ಲೈಟಿಸ್‌ನಲ್ಲಿ ಏರಿಯೊಲೆಟ್ ಮುಚ್ಚಿದೆ. ನಡುವೆ ನಿಂತು ಎರಡೂ ಕಡೆ ಕೈಚಾಚುವ ಪ್ರಭೇದಗಳು ಬೇಕಾದಷ್ಟಿವೆ, ಒಂದೇ ಲಕ್ಷಣ ನಂಬಿ ಕುಲ ನಿರ್ಧರಿಸಬೇಡಿ.

ಹಳೆಯ ಹೆಸರುಗಳ ಎದುರು ನಿಲ್ಲಿಸುವುದು

ಇಡೀ ಕೆಲಸದ ಎದೆಗೂಡು ಇದೇ, ಸಮಯವೂ ಇಲ್ಲೇ ಹೆಚ್ಚು ಹೋಗಬೇಕು. ಆ ಕುಲದಲ್ಲಿ ಭಾರತದಿಂದ ಮಾತ್ರವಲ್ಲದೆ ಶ್ರೀಲಂಕಾ, ಮ್ಯಾನ್ಮಾರ್, ಆಗ್ನೇಯ ಏಷ್ಯಾ, ಚೀನಾದಿಂದಲೂ ವರ್ಣಿತವಾದ ಪ್ರಭೇದಗಳ ಪಟ್ಟಿ ಮಾಡಿ. ಕಣಜಕ್ಕೆ ಗಡಿಯ ಲೆಕ್ಕವಿಲ್ಲ. 1981ರಲ್ಲಿ ಕೀಟತಜ್ಞ ಮೇಸನ್ ಹಳೆಯ ಅಪ್ಯಾಂಟೆಲಿಸ್ ಕುಲವನ್ನು ಒಡೆದು ಹಲವು ಕುಲಗಳಿಗೆ ಹಂಚಿದರು. ಅದಕ್ಕೆ ಮುಂಚಿನ ಸಾಹಿತ್ಯದಲ್ಲಿ ನಿಮ್ಮ ಕೊಟೇಸಿಯಾದ ನೆಂಟರೆಲ್ಲ ಅಪ್ಯಾಂಟೆಲಿಸ್ ಹೆಸರಿನಲ್ಲೇ ಅಡಗಿವೆ, ಅಂದಿನ ಕಣಜತಜ್ಞ ವಿಲ್ಕಿನ್ಸನ್ ಅವರ ಕೃತಿಗಳನ್ನು ಆ ಕಣ್ಣಿನಿಂದ ಹುಡುಕಬೇಕು. ಪ್ರತಿ ಪ್ರಭೇದಕ್ಕೂ ಮೂಲ ವರ್ಣನೆಯನ್ನೇ ಓದಿ. ಹಳೆಯ ವರ್ಣನೆಗಳು ಕೆಲವು ಸಲ ಬಣ್ಣವನ್ನಷ್ಟೇ ಹೇಳಿ ಮುಗಿಸಿರುತ್ತವೆ. ಅಂಥವಕ್ಕೆ ಹೆಸರಿಡುವಾಗ ಆಧಾರವಾಗಿದ್ದ ಮೂಲ ಮಾದರಿಯನ್ನೇ ನೋಡಬೇಕು, ಅಥವಾ ಅದಿರುವ ಸಂಗ್ರಹಾಲಯಕ್ಕೆ ಪತ್ರ ಬರೆದು ಟಿ1, ಪ್ರೊಪೋಡಿಯಂ, ರೆಕ್ಕೆ, ಒರೆಗಳ ಚಿತ್ರ ಕೇಳಬೇಕು. ‘ಚಿತ್ರ ಕಳಿಸಿ’ ಎಂದಷ್ಟೇ ಬರೆದರೆ ಇಡೀ ಕೀಟದ ಒಂದು ಫೋಟೋ ಬರುತ್ತದೆ, ಅದರಿಂದ ಏನೂ ತಿಳಿಯದು. ಯಾವ ಅಂಗ, ಯಾವ ಕೋನ ಎಂದು ಬಿಡಿಸಿ ಬರೆಯಿರಿ.

ಈ ಹಂತ ಹಾರಿದರೆ ಏನಾಗುತ್ತದೆ ಎಂಬುದಕ್ಕೆ ರೈತರಿಗೆಲ್ಲ ಪರಿಚಯವಿರುವ, ಟ್ರೈಕೊಗ್ರಾಮ ಕಣಜಗಳನ್ನು ಹೊಲಕ್ಕೆ ಬಿಡುವ ಟ್ರೈಕೊ ಕಾರ್ಡೇ ಪಾಠ. ಅದರಲ್ಲಿರುವ ಟ್ರೈಕೊಗ್ರಾಮ ಚಿಲೊನಿಸ್ ಅನ್ನು ಇಶಿಯಿ ಎಂಬ ಕೀಟತಜ್ಞ 1941ರಲ್ಲೇ ಹೆಸರಿಸಿದ್ದರು. ಆದರೂ ನಮ್ಮಲ್ಲಿ ಬಹುಕಾಲ ಅದನ್ನು ಆಸ್ಟ್ರಾಲಿಕಂ ಎಂಬ ಬೇರೆಯದೇ ಪ್ರಭೇದದ ಹೆಸರಿನಿಂದ ಕರೆಯುತ್ತಿದ್ದರು. ಬಣ್ಣ, ಕೂದಲು ನೋಡಿ ಇವನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1971ರಲ್ಲಿ ಗಂಡಿನ ಜನನಾಂಗದ ರಚನೆಯೇ ಖಚಿತ ಗುರುತು ಎಂದು ತೋರಿಸಿದ ಮೇಲೆ ಈ ಕುಲದ ವರ್ಗೀಕರಣದ ದಾರಿಯೇ ಬದಲಾಯಿತು. ಟ್ರೈಕೊಗ್ರಾಮದಲ್ಲಿ ಗಂಡಿಲ್ಲದೆ ಪ್ರಭೇದ ವರ್ಣಿಸಲು ಕೂರಲೇಬೇಡಿ. ಮೈಕ್ರೊಗ್ಯಾಸ್ಟ್ರಿನೆಯಲ್ಲಿ ಮಾತ್ರ ಒರೆ, ಅಡಿತಟ್ಟೆಗಳು ಬೇಕಾಗಿರುವುದರಿಂದ ಹೆಣ್ಣೇ ಮುಖ್ಯ. ಒಂದು ಗೊಂಚಲಿನಿಂದ ಬರೀ ಗಂಡುಗಳೇ ಬಂದರೆ ಗಾಬರಿ ಬೇಡ, ಗಂಡಿನೊಡನೆ ಕೂಡದ ಹೆಣ್ಣು ಇಟ್ಟ ಮೊಟ್ಟೆಗಳಿಂದ ಗಂಡು ಮಾತ್ರ ಹುಟ್ಟುತ್ತದೆ. ಅದೇ ಗಿಡಕ್ಕೆ ಮತ್ತೆ ಹೋಗಿ.

ಡಿಎನ್‌ಎ ಸಾಕ್ಷಿ, ತೀರ್ಪಲ್ಲ

ಒಂದು ನಡುಗಾಲು ತೆಗೆದರೆ ಪ್ರಭೇದ ಗುರುತಿಸಲು ಬಳಸುವ ಸಿಒಐ ಎಂಬ ಜೀನಿನ 658 ಅಕ್ಷರಗಳ ಬಾರ್‌ಕೋಡಿಗೆ ಸಾಕಾಗುತ್ತದೆ. ಹಿಂಗಾಲು ಮುಟ್ಟಬೇಡಿ, ಅಳತೆಗೆ ಬೇಕು. ಒಂದೇ ಮಾದರಿಯಿಂದ ಸಮಾಧಾನಪಡದೆ ಬೇರೆ ಬೇರೆ ಗೊಂಚಲಿನ ಮೂರು ನಾಲ್ಕು ಹೆಣ್ಣುಗಳನ್ನು ಓದಿಸಿ. ಶೇ. 2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬೇರೆ ಪ್ರಭೇದ ಎಂಬ ರೂಢಿಯ ಅಳತೆಗೋಲು ಅನುಮಾನ ಹುಟ್ಟಿಸಲು ಒಳ್ಳೆಯದು, ತೀರ್ಪು ಕೊಡಲು ಸಾಲದು. ವೊಲ್ಬಾಕಿಯ ಎಂಬ ಬ್ಯಾಕ್ಟೀರಿಯ ಕಣಜಗಳ ಮೈಯಲ್ಲಿ ನೆಲೆಸಿ ತಾಯಿಯ ಕಡೆಯಿಂದ ಹರಿಯುವ ಈ ಜೀನಿನ ಚರಿತ್ರೆಯನ್ನೇ ತಿರುಚಬಲ್ಲದು. ಹುಡುಕಾಟದಲ್ಲಿ ನಿಮ್ಮ ಅನುಕ್ರಮ ಪತಂಗಕ್ಕೆ ಹೊಂದಿದರೆ ಆತಿಥೇಯದ ಡಿಎನ್‌ಎ ಬೆರೆತಿದೆ ಎಂದರ್ಥ. ಡೇಟಾಬೇಸಿನಲ್ಲಿ ಜೋಡಿ ಸಿಗಲಿಲ್ಲವೆಂದು ಹಿಗ್ಗುವುದೂ ಬೇಡ, ಹೆಸರಿರುವ ಎಷ್ಟೋ ಪ್ರಭೇದಗಳ ಬಾರ್‌ಕೋಡ್ ಅಲ್ಲಿ ಇಲ್ಲವೇ ಇಲ್ಲ.

ಅಳತೆ, ಚಿತ್ರ, ಬರವಣಿಗೆ

ಕಣ್ಣುಮಸೂರದ ಅಳತೆಪಟ್ಟಿಯನ್ನು ಪ್ರತಿ ವರ್ಧನೆಯಲ್ಲೂ ಸ್ಲೈಡ್ ಮೈಕ್ರೋಮೀಟರಿನ ಎದುರು ತಾಳೆ ನೋಡಿ. ಜೂಮ್ ಗುಂಡಿ ಸ್ವಲ್ಪ ಜರುಗಿದರೂ ಇಡೀ ದಿನದ ಅಂಕಿಗಳು ವ್ಯರ್ಥ. ಸಿಕ್ಕರೆ ಹತ್ತು ಹೆಣ್ಣುಗಳನ್ನು ಅಳೆಯಿರಿ. ಮೈಯುದ್ದ, ಮುಂದಿನ ರೆಕ್ಕೆ, ಕುಡಿಮೀಸೆಯ ಮೊದಲ ಮತ್ತು ಕೊನೆಯ ಗೆಣ್ಣುಗಳ ಉದ್ದ ಅಗಲ, ತಲೆಯ ಮೇಲಿನ ಒಂಟಿಗಣ್ಣುಗಳ ನಡುವಣ ದೂರ, ಹಿಂದೊಡೆ, ಟಿ1, ಅದರ ಹಿಂದಿನ ತಟ್ಟೆಯಾದ ಟಿ2, ಒರೆ. ಅಳತೆಗಿಂತ ಅನುಪಾತ ಮುಖ್ಯ, ಏಕೆಂದರೆ ಒಂದೇ ಹುಳುವಿನಲ್ಲಿ ಹೆಚ್ಚು ಮರಿಗಳು ಬೆಳೆದರೆ ಕಣಜಗಳೆಲ್ಲ ಕುಳ್ಳಾಗುತ್ತವೆ.

ಚಿತ್ರಕ್ಕೆ ನೇರ ಬೆಳಕು ಬೀಳಿಸಿದರೆ ಹೊಳಪಿನಲ್ಲಿ ಮೇಲ್ಮೈಯ ಕೆತ್ತನೆ ಮಾಯವಾಗುತ್ತದೆ. ಮಾದರಿಯ ಸುತ್ತ ಟ್ರೇಸಿಂಗ್ ಕಾಗದದ ಸುರುಳಿ ನಿಲ್ಲಿಸಿ, ಅದರ ಹೊರಗಿನಿಂದ ಬೆಳಕು ಕೊಡಿ. ಬೇರೆ ಬೇರೆ ಆಳದಲ್ಲಿ ತೆಗೆದ 20ರಿಂದ 60 ಚಿತ್ರಗಳನ್ನು ತಂತ್ರಾಂಶದಲ್ಲಿ ಒಂದಾಗಿಸಿ, ಅಳತೆಗೆರೆ ಹಾಕಿ.

ಬರೆಯುವಾಗ ಹತ್ತಿರದವುಗಳಿಂದ ಬೇರ್ಪಡಿಸುವ ಭೇದಸೂಚನೆಯನ್ನು ವರ್ಣನೆಯಿಂದ ಬೇರೆ ಇಡಿ. ‘ಮೈ ಕಪ್ಪು, ಕಾಲು ಹಳದಿ, ಹತ್ತಿರದವಕ್ಕಿಂತ ಭಿನ್ನ’ ಎಂದರೆ ಓದುಗನ ಕೈಗೆ ಏನೂ ಸಿಗಲಿಲ್ಲ. ‘ಟಿ1ರ ಉದ್ದ ಅದರ ತುದಿಯ ಅಗಲದ ಇಷ್ಟು ಪಟ್ಟು, ಹತ್ತಿರದ ಇಂಥ ಪ್ರಭೇದದಲ್ಲಿ ಇಷ್ಟು, ಟಿ2 ನುಣುಪು, ಅದರಲ್ಲಿ ಗೆರೆಗೆರೆ’ ಎಂದು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ. ಬಣ್ಣವೊಂದನ್ನೇ ನೆಚ್ಚಬೇಡಿ. ಚಳಿಯಲ್ಲಿ ಬೆಳೆದ ಕಣಜಗಳು ಎಷ್ಟೋ ಸಲ ಹೆಚ್ಚು ಕಪ್ಪಾಗಿರುತ್ತವೆ. ಲಕ್ಷಣ ನೋಡುತ್ತ ಪ್ರಭೇದ ಹಿಡಿಯುವ, ನಿಮ್ಮ ಪ್ರಭೇದವನ್ನೂ ಸೇರಿಸಿದ ಗುರುತುಕೋಷ್ಟಕವೂ ಇರಲಿ. ಬರೆದಾದ ಮೇಲೆ ಕೀಟ ನೋಡಿರದ ಸಹೋದ್ಯೋಗಿಯೊಬ್ಬರಿಗೆ ಆ ಕೋಷ್ಟಕವನ್ನೂ ಮಾದರಿಗಳನ್ನೂ ಕೊಡಿ. ಅವರು ದಾರಿ ತಪ್ಪಿದ ಸಾಲನ್ನು ತಿದ್ದಿ.

ಹೆಸರು, ಮಾದರಿ, ಪ್ರಕಟಣೆ

ಅಂಗಗಳೆಲ್ಲ ಸರಿಯಿರುವ ಒಂದೇ ಒಂದು ಹೆಣ್ಣನ್ನು ಹೋಲೋಟೈಪ್, ಅಂದರೆ ಹೆಸರಿಗೆ ಆಧಾರವಾಗುವ ಮಾದರಿ, ಎಂದು ಆರಿಸಿ ಕೆಂಪು ಚೀಟಿ ಹಾಕಿ, ಉಳಿದವು ಪ್ಯಾರಾಟೈಪ್, ಅವಕ್ಕೆ ರೂಢಿಯಲ್ಲಿ ಹಳದಿ. 1999ರ ನಂತರದ ಹೆಸರುಗಳಿಗೆ ಮೂಲ ಮಾದರಿಯನ್ನು ಸ್ಪಷ್ಟವಾಗಿ ನಿಗದಿ ಮಾಡುವುದು ಮತ್ತು ಹೋಲೋಟೈಪ್ ಯಾವ ಸಂಗ್ರಹದಲ್ಲಿದೆ ಎಂದು ಬರೆಯುವುದು ಪ್ರಾಣಿನಾಮಕರಣ ಸಂಹಿತೆಯ ಕಡ್ಡಾಯ ನಿಯಮ. ಇದು ತಪ್ಪಿದರೆ ಹೆಸರೇ ಊರ್ಜಿತವಾಗದು. 2002ರ ಜೀವವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದದ ಮಾದರಿಯನ್ನು ಅಧಿಸೂಚಿತ ಸಂಗ್ರಹಾಲಯದಲ್ಲಿ ಇಡಬೇಕು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ ಅಂಥವು. ಮಾದರಿ ಹೊರದೇಶಕ್ಕೆ ಹೋಗಬೇಕಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಮೊದಲೇ ನೋಡಿಕೊಳ್ಳಿ.

ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು, ಗುಣವಾಚಕವಾದರೆ ಕುಲದ ಲಿಂಗಕ್ಕೆ ಹೊಂದಬೇಕು. ಕೊಟೇಸಿಯಾ ಸ್ತ್ರೀಲಿಂಗ, ಅಪ್ಯಾಂಟೆಲಿಸ್ ಪುಲ್ಲಿಂಗ, ಟ್ರೈಕೊಗ್ರಾಮ ನಪುಂಸಕ. ಊರಿನ ಹೆಸರಿಟ್ಟರೆ ಮೊದಲೆರಡಕ್ಕೆ ‘-ಎನ್ಸಿಸ್’, ಮೂರನೆಯದಕ್ಕೆ ‘-ಎನ್ಸೆ’. ಪುರುಷನ ಗೌರವಾರ್ಥ ‘-ಇ’, ಮಹಿಳೆಯ ಗೌರವಾರ್ಥ ‘-ಎಇ’ ಅಕ್ಷರಜೋಡಿ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ರೂಢಿಯಿಲ್ಲ. ಆತಿಥೇಯದ ಹೆಸರಿಡುವಾಗ ಎರಡು ಸಲ ಯೋಚಿಸಿ, ನಾಳೆ ಅದೇ ಕಣಜ ಇನ್ನೈದು ಹುಳುಗಳಿಂದ ಬಂದೀತು.

ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಲೇಖನವನ್ನು ಪ್ರಕಟಣೆಗೆ ಮುನ್ನವೇ ಪ್ರಾಣಿ ಹೆಸರುಗಳ ನೋಂದಣಿ ತಾಣವಾದ ಜೂಬ್ಯಾಂಕಿನಲ್ಲಿ ನೋಂದಾಯಿಸಿರಬೇಕು, ನೋಂದಣಿಯಾದದ್ದು ಲೇಖನದೊಳಗೇ ಕಾಣಿಸಬೇಕು. 2012ರಿಂದ ಇರುವ ಈ ನಿಯಮ ಮರೆತವರ ಹೆಸರುಗಳು ಅತಂತ್ರವಾಗಿ ನಿಂತಿವೆ. ಪ್ರಬಂಧ, ಸಮ್ಮೇಳನದ ಸಾರಾಂಶ, ಪತ್ರಿಕಾ ಹೇಳಿಕೆ ಎಲ್ಲಿಯೂ ಹೆಸರನ್ನು ಮುಂಚೆ ಬಿಟ್ಟುಕೊಡಬೇಡಿ. ಅಲ್ಲಿಯವರೆಗೆ ‘ಕೊಟೇಸಿಯಾದ ಒಂದು ಪ್ರಭೇದ’ ಎಂದರೆ ಸಾಕು.

ಲೇಖನ ಬಂದ ಮೇಲೆ ಬಾರ್‌ಕೋಡಿನ ದಾಖಲೆಯಲ್ಲಿ ಹೊಸ ಹೆಸರು ತುಂಬಿಸಿ. ಖಾಲಿ ಗೂಡುಗಳಿರುವ ಕ್ಯಾಪ್ಸೂಲನ್ನು, ಆತಿಥೇಯದ ತಲೆಚಿಪ್ಪಿನೊಂದಿಗೆ, ಅದೇ ಡಬ್ಬಿಯ ಸಂಖ್ಯೆ ಬರೆದು, ಹೋಲೋಟೈಪಿನ ಸೂಜಿಗೇ ಸಿಕ್ಕಿಸಿ ಸಂಗ್ರಹಾಲಯಕ್ಕೆ ಒಪ್ಪಿಸಿ.